ಕತ್ತರಿಗೆ ಬಿದ್ದ ‘ಅಂತಾರೆ’

ಮಕ್ಕಳ ಮನಃಶಾಸ್ತ್ರ ಓದಿ, ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವಳು ಟಿವಿಗೆ ಬಂದದ್ದು ಒಂದೇ ಕಾರಣಕ್ಕೆ. ಮಗುವನ್ನು ಆಸ್ಪತ್ರೆಗೆ ಕರೆತರುವ ಹೊತ್ತಿಗೆ ಮನೆಯಲ್ಲಿ ಆಗಬಾರದ್ದೆಲ್ಲ ಆಗಿಹೋಗಿರುತ್ತದೆ. ಅದಕ್ಕೂ ಮೊದಲೇ ಅಪ್ಪ ಅಮ್ಮಂದಿರ ಕಿವಿಗೆ ನಾಲ್ಕು ಮಾತು ಹಾಕಬೇಕು ಎಂದು. ಚಾನೆಲಿನವರು ಅವಳನ್ನು ‘ಡಾಕ್ಟ್ರಮ್ಮ’ ಎಂದರು. ‘ನಾನು ಸೂಜಿ ಚುಚ್ಚೋಳಲ್ಲಪ್ಪ’ ಎಂದು ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಕೈಬಿಟ್ಟಳು. ಮುಖಕ್ಕೆ ಪೌಡರು ಮೆತ್ತಿಸಿಕೊಂಡು, ಕೂತರೆ ಹೂತುಹೋಗುವ ಸೋಫಾದ ತುದಿಯಲ್ಲಿ ಕೂತು, ಉಗುರು ಕಚ್ಚುವ, ಸುಳ್ಳು ಹೇಳುವ, ಹಾಸಿಗೆ ಒದ್ದೆ ಮಾಡುವ ಮಕ್ಕಳ ಬಗ್ಗೆ ಪಕ್ಕದ ಮನೆಯವರೊಡನೆ ಹರಟಿದಂತೆ ಮಾತಾಡುತ್ತಿದ್ದಳು. ಜನ ಕಿವಿಗೊಟ್ಟರು.

ಒಂದು ರಜೆಯ ದಿನ ಅಣ್ಣನ ಮನೆಗೆ ಹೋದಳು. ಬಾಗಿಲು ತೆಗೆದ ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟು, ಸಾಮಾನಿನ ಕೋಣೆಯತ್ತ ಕಣ್ಣು ಹೊರಳಿಸಿದಳು. ಹೊರಗಿನಿಂದ ಚಿಲಕ ಹಾಕಿತ್ತು. ಒಳಗಿನಿಂದ ಅಳುವೂ ಅಲ್ಲದ, ಬಿಕ್ಕೂ ಅಲ್ಲದ ಒಂದು ಸದ್ದು.

‘ಯಾರು ಅತ್ತಿಗೆ ಒಳಗೆ?’

‘ಇನ್ಯಾರು, ನಿನ್ನ ಮುದ್ದಿನ ಸೊಸೆ. ಊಟಕ್ಕೆ ಹಟ ಹಿಡಿದಿದ್ಲು. ನೀನು ಹೇಳಿದ ಹಾಗೇ ಮಾಡಿದೀನಿ ನೋಡು.’

ಡಾಕ್ಟ್ರಮ್ಮ ಚಿಲಕ ಕಿತ್ತುಬರುವಂತೆ ಎಳೆದಳು. ಅಣ್ಣನ ಮಗಳು, ಇನ್ನೂ ಹಾಲುಹಲ್ಲು ಬೀಳದ ಹುಡುಗಿ, ಹಳೇ ಸೂಟ್‌ಕೇಸುಗಳ ಸಂದಿಯಲ್ಲಿ ಮುದುಡಿ ಕೂತಿದ್ದಳು. ಚಡ್ಡಿ ಒದ್ದೆಯಾಗಿತ್ತು. ‘ತಿಂತೀನಿ ಅತ್ತೆ, ಎಲ್ಲಾ ತಿಂತೀನಿ’ ಎಂದು ಕೊರಳಿಗೆ ಜೋತುಬಿದ್ದಳು.

ಅತ್ತಿಗೆ ಕೆಟ್ಟವಳೇನಲ್ಲ. ಟಿವಿಯಲ್ಲಿ ಬರುವ ನಾದಿನಿಯ ಬಗ್ಗೆ ಬೀದಿಗೆಲ್ಲ ಹೇಳಿಕೊಂಡು ಬೀಗುವವಳು. ಕಕ್ಕಾಬಿಕ್ಕಿಯಾಗಿ ಫೋನು ಮುಂದೆ ಹಿಡಿದಳು. ಅದರಲ್ಲಿ ಡಾಕ್ಟ್ರಮ್ಮನದೇ ಮುಖ, ಅವಳದೇ ದನಿ: ‘ಹಟ ಮಾಡೋ ಮಗುನ ಕತ್ತಲೆ ಕೋಣೇಲಿ ಕೂಡಿಹಾಕಿ, ಹತ್ತೇ ನಿಮಿಷದಲ್ಲಿ ದಾರಿಗೆ ಬರುತ್ತೆ.’ ಅಷ್ಟೇ.

ಅವಳು ನಿಜವಾಗಿ ಹೇಳಿದ್ದು ಇದು: ‘...ದಾರಿಗೆ ಬರುತ್ತೆ ಅಂತಾರೆ ಕೆಲವರು. ಅಂಥವರನ್ನೇ ಮೊದಲು ಕೂಡಿಹಾಕಬೇಕು.’ ಯಾವನೋ ‘ಅಂತಾರೆ’ಗೆ ಸರಿಯಾಗಿ ಮುಂಚೆ ಕತ್ತರಿ ಆಡಿಸಿದ್ದ. ಕೈತಪ್ಪಿ ಆದದ್ದಲ್ಲ. ಮಾತು ಬಲ್ಲವನೇ ಮಾಡಿದ ಕೆಲಸ.

ಮಾರನೆಯ ಬೆಳಿಗ್ಗೆ ಕಾರ್ಯಕ್ರಮದ ಮುಖ್ಯಸ್ಥನ ಗಾಜಿನ ಕೋಣೆಗೆ ನುಗ್ಗಿದಳು. ಅವನು ನಗುನಗುತ್ತಲೇ ಕುರ್ಚಿ ಎಳೆದ.

‘ಮೇಡಂ, ಆ ತುಣುಕು ಎಷ್ಟು ಓಡ್ತಿದೆ ಗೊತ್ತಾ? ಪೂರ್ತಿ ಕಾರ್ಯಕ್ರಮದಲ್ಲಿ ನಿಮ್ಮ ಮಾತು ಇದ್ದಂಗೇ ಇದೆ.’

‘ಪೂರ್ತಿ ಯಾರ್ರೀ ನೋಡ್ತಾರೆ?’

‘ಯಾರೂ ನೋಡಲ್ಲ. ಅದಕ್ಕೇ ತುಣುಕು ಮಾಡೋದು.’

‘ನಮ್ಮಣ್ಣನ ಮಗು ಕತ್ತಲೇಲಿ ಉಚ್ಚೆ ಹೊಯ್ಕೊಂಡು ಕೂತಿತ್ತು. ಇನ್ನೆಷ್ಟು ಮನೇಲಿ ಕೂತಿವೆಯೋ! ಅದನ್ನ ತೆಗೀರಿ, ತಪ್ಪಾಯ್ತು ಅಂತ ಹೇಳಿ.’

‘ಕೆಳಗಡೆ ಒಂದು ಸಾಲು ಓಡಿಸೋಣ ಬಿಡಿ ಮೇಡಂ. ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀರಾ?’

ಓದಲು ಭೂತಗನ್ನಡಿ ಬೇಕಾಗುವ ಆ ಸಾಲೂ ಓಡಲಿಲ್ಲ. ಅವಳು ನೇರಪ್ರಸಾರದ ದಿನಕ್ಕೆ ಕಾದಳು. ಕತ್ತರಿಗೆ ಸಿಗದಂತೆ ಮಾತು ಹೇಗಿರಬೇಕೆಂದು ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಿ ನೋಡಿಕೊಂಡಳು. ಅಂದು ವಿಷಯ ಪರೀಕ್ಷೆಯ ಭಯ. ನಿರೂಪಕಿ ಸ್ವಾಗತ ಕೋರಿ ಬಾಯಿ ಮುಚ್ಚುವುದೇ ತಡ, ಡಾಕ್ಟ್ರಮ್ಮ ಕ್ಯಾಮೆರಾಕ್ಕೆ ಮುಖ ಕೊಟ್ಟಳು.

‘ಮಗುನ ಕೂಡಿಹಾಕಬೇಡಿ. ನಾನು ಹಾಗೆ ಹೇಳಿಲ್ಲ. ಈ ಚಾನೆಲು ನನ್ನ ಮಾತು ಕತ್ತರಿಸಿದೆ. ಕೂಡಿಹಾಕಿದ್ರೆ ಈಗಲೇ ಬಾಗಿಲು ತೆಗೀರಿ. ಮಗುನ ಕ್ಷಮೆ ಕೇಳಿ.’

ನಿರೂಪಕಿ ಕಿವಿಯಲ್ಲಿದ್ದ ಯಂತ್ರವನ್ನು ಒತ್ತಿ ಹಿಡಿದು ಬೆಪ್ಪಾಗಿ ಕೂತಳು. ತಟ್ಟನೆ ಜಾಹೀರಾತು ಬಂತು. ಅದು ಮುಗಿಯುವಷ್ಟರಲ್ಲಿ ಡಾಕ್ಟ್ರಮ್ಮನ ಮೈಕು ಬಿಚ್ಚಿಸಿ, ಮುಖದ ಪೌಡರನ್ನೂ ಒರೆಸಲು ಬಿಡದೆ ಹಿಂದಿನ ಮೆಟ್ಟಿಲಿಳಿಸಿ ಕಳಿಸಿದರು.

ತುಣುಕನ್ನು ಸದ್ದಿಲ್ಲದೆ ತೆಗೆದರು. ಕ್ಷಮೆ ಯಾರೂ ಕೇಳಲಿಲ್ಲ. ಮುಂದಿನ ವಾರ ಆ ಸೋಫಾದಲ್ಲಿ ಬೇರೊಬ್ಬ ತಜ್ಞ ಕೂತಿದ್ದ. ಅವಳು ಒಂದು ಸಣ್ಣ ರೇಡಿಯೊ ಕೇಂದ್ರ ಸೇರಿದಳು. ನೇರಪ್ರಸಾರವಾದರೆ ಮಾತ್ರ ಮಾತಾಡುತ್ತೇನೆ ಎಂಬುದೊಂದೇ ಷರತ್ತು.

ಆದರೆ ತೆಗೆದದ್ದು ಚಾನೆಲಿನಿಂದ, ಜನರ ಫೋನುಗಳಿಂದಲ್ಲ. ಮೊನ್ನೆ ತರಕಾರಿ ಅಂಗಡಿಯಲ್ಲಿ ಒಬ್ಬಾತ ಗುರುತು ಹಿಡಿದು ಕೈಮುಗಿದ.

‘ನೀವು ಹೇಳಿದ್ದು ಪಕ್ಕಾ ಕೆಲಸ ಮಾಡ್ತು ಮೇಡಂ. ಮಗ ಈಗ ಉಸಿರೆತ್ತಲ್ಲ.’

‘ಉಸಿರೆತ್ತಲ್ಲ ಅಂತ ಖುಷಿಪಡ್ತಿದೀರಾ?’ ಅವಳ ದನಿಗೆ ಅಂಗಡಿಯವನ ತಕ್ಕಡಿ ಗಾಳಿಯಲ್ಲೇ ನಿಂತಿತು. ‘ಫೋನು ತೆಗೀರಿ. ಮನೆಗೆ ಮಾಡಿ. ಮಗನಿಗೆ ಕೊಡೋಕೆ ಹೇಳಿ.’

‘ಈಗಲೇನಾ ಮೇಡಂ?’

‘ಈಗಲೇ.’

ಹಿಂದೆ ನಿಂತವರು ಗೊಣಗಿದರು. ಆತ ಫೋನು ಕಿವಿಗಿಟ್ಟು, ಗಂಟಲು ಸರಿಮಾಡಿಕೊಂಡು, ‘ಮಗನೇ...’ ಎನ್ನುವವರೆಗೂ ಅವಳು ದಾರಿ ಬಿಡಲಿಲ್ಲ.