ಬೆಚ್ಚಗಿನ ನೆಲ

ಹೊಸ ಮನೆಯ ನೆಲ ಎಲ್ಲಾದರೂ ಬೆಚ್ಚಗಿರುತ್ತದೆಯೇ? ಕುರುಗೋಡಿನಲ್ಲಿ ನಮ್ಮಕ್ಕ, ಭಾವ ಕಟ್ಟಿಸಿದ ಮನೆಯ ಒಳಕೋಣೆಯಲ್ಲಿ ಕಳೆದ ವಾರ ಬರಿಗಾಲಿಟ್ಟೆ. ಯಾರೋ ಈಗಷ್ಟೇ ಮಲಗಿ ಎದ್ದುಹೋದ ಹಾಸಿಗೆಯಷ್ಟು ಬೆಚ್ಚಗಿತ್ತು. ಥಟ್ಟನೆ ಕಾಲು ತೆಗೆದೆ.

ಅಲ್ಲೇ ನೆಲ ತಗ್ಗು ಬೇರೆ. ಗೃಹಪ್ರವೇಶವಾಗಿ ವರ್ಷ ತುಂಬಿಲ್ಲ, ಕೋಣೆಯ ನಡುವೆ ಕಡಪಾ ಕಲ್ಲುಗಳು ಕುಸಿದಿವೆ. ತಂಬಿಗೆ ಉರುಳಿಸಿದರೆ ನೇರ ಅಲ್ಲಿಗೇ ಹೋಗಿ ನಿಲ್ಲುತ್ತದೆ. (ನಾನೇ ಪರೀಕ್ಷೆ ಮಾಡಿದೆ. ಮಾಡಬಾರದಿತ್ತು.)

"ಲೆವೆಲ್ ಯಾಕ ತಪ್ಪೈತಿ, ಭಾವ?"

"ಎರಿ ನೆಲ. ಮಳಿ ಕುಡದು ಉಬ್ಬತೈತಿ, ಒಣಗಿ ಕುಸಿತೈತಿ," ಎಂದರು ಭಾವ, ನನ್ನ ಮುಖ ನೋಡದೆ.

ಅಕ್ಕನಿಗೆ ತಗ್ಗಿನ ಚಿಂತೆಯೇ ಇಲ್ಲ. ಮಗಳು ಬಾಣಂತಿ. "ಅಗ್ಗಿಷ್ಟಿಗಿ ಇಡೋ ಕೆಲಸಽ ಇಲ್ಲ ನೋಡು ತಮ್ಮಾ. ಭೂಮಿತಾಯಿನಽ ಕಾಸ್ತಾಳ!" ಎಂದು ಅವತ್ತೇ ಮಂಚ ಹೊರಗೆ ಹಾಕಿಸಿ, ಬಾಣಂತಿ, ಕೂಸಿಗೆ ಆ ತಗ್ಗಿನಲ್ಲೇ ಹಾಸಿಗೆ ಹಾಸಿದಳು. ಗಾಳಿ ಸೋಕಬಾರದೆಂದು ಕಿಟಕಿ, ಬಾಗಿಲು ಭದ್ರವಾದವು.

ದೀಪ ಹಚ್ಚುವ ಹೊತ್ತಿಗೆ ನಾನೂ ಭಾವನೂ ಕೂಸು ನೋಡಲು ಹೋದೆವು. ಭಾವ ಹೊಸ್ತಿಲಲ್ಲೇ ನಿಂತರು. ಅಕ್ಕ ಹಾಸಿಗೆಯ ಪಕ್ಕ ಹಣತೆ ಇಟ್ಟಳು. ಆರಿತು. ಗಾಳಿಯಿಲ್ಲ, ಎಣ್ಣೆ ತುಂಬಿದೆ. ಮತ್ತೆ ಹಚ್ಚಿದಳು. ಕುಡಿ ಸಣ್ಣದಾಯಿತು, ನೀಲಿಯಾಯಿತು, ಆರಿತು. ಕೈಯಲ್ಲಿ ಎತ್ತಿ ಹಿಡಿದರೆ ಉರಿಯುತ್ತದೆ, ನೆಲಕ್ಕಿಳಿಸಿದರೆ ಸಾಯುತ್ತದೆ!

"ಈ ಮನ್ಯಾಗ ಏನೋ ಐತಿ," ಎಂದಳು ಅಕ್ಕ. ಆಗಲೇ ಗಮನಕ್ಕೆ ಬಂದದ್ದು: ಅಷ್ಟು ಹೊತ್ತು ಅಳುತ್ತಿದ್ದ ಕೂಸು ಸುಮ್ಮನಾಗಿತ್ತು.

"ಕೂಸು ಎತ್ರಿ! ಬಾಗಿಲಾ ತೆಗೀರಿ! ಕೆಳಗ ಹಗೇವು ಐತಿ!"

ಕೂಗಿದ್ದು ಭಾವ. ತಾವೇ ನುಗ್ಗಿ ಮೊಮ್ಮಗಳನ್ನು ಎದೆಗವಚಿಕೊಂಡು ಅಂಗಳಕ್ಕೆ ಓಡಿದರು. ಬಾಣಂತಿಯನ್ನು ನಾನು, ಅಕ್ಕ ಎಳೆದು ತಂದೆವು. ಹೊರಗಿನ ಗಾಳಿಗೆ ಕೂಸು ಬಿಕ್ಕಿತು. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಅತ್ತಿತು. ಅಳು ಕೇಳಿ ಅಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ.

ಹಗೇವು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಜೋಳ ತುಂಬಿಡುವ ನೆಲದ ಗುಂಡಿ. ಬಾಯಿ ತೆರೆದರೆ ಮೊದಲು ದೀಪ ಇಳಿಬಿಡುತ್ತೇವೆ. ಆರಿತೋ, ಒಳಗೆ ಕೆಟ್ಟ ಗಾಳಿ, ಮನುಷ್ಯ ಇಳಿಯುವಂತಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಜೋಳದ ಲೆವಿ ವಸೂಲಿಯವರ ಕಣ್ಣು ತಪ್ಪಿಸಲು ಭಾವ, ಅಕ್ಕನಿಗೂ ಹೇಳದೆ, ತುಂಬಿದ ಹಗೇವಿನ ಬಾಯಿಯ ಮೇಲೇ ಕೋಣೆ ಕಟ್ಟಿಸಿದ್ದರು! ಮಳೆನೀರು ಇಳಿದು ಜೋಳ ಒಳಗೇ ಕೊಳೆತಿತ್ತು, ಬಿಸಿಯೇರಿತ್ತು, ಕುಸಿದಿತ್ತು. ಅದರ ಗಾಳಿ ಕಲ್ಲಿನ ಸಂದಿಯಿಂದ ಮೇಲೆ ಬರುತ್ತಿತ್ತು.

"ಬಾಯಿ ಬಿಟ್ರ ಜೇಲ್ ಆಗತೈತಿ ಅಂತ ಅಂಜಿದ್ನೋ," ಎಂದು ಭಾವ ಗಳಗಳನೆ ಅತ್ತರು. ಅಯ್ಯೋ ಅನ್ನಿಸಿತು. ಸಿಟ್ಟೂ ಬಂತು. ಮೊಮ್ಮಗಳ ಜೀವ ಉಳಿಸಿದವರು ಅವರೇ ಎಂದು ಓಣಿಯವರೆಲ್ಲ ಹೊಗಳುತ್ತಿದ್ದರು, ನಾನೂ ತಲೆಯಾಡಿಸಿ ಬಳ್ಳಾರಿಯ ಬಸ್ಸು ಹತ್ತಿದೆ.

ಆದರೆ ನೀವೇ ಹೇಳಿ, ಮೊದಲ ಸಲ ದೀಪ ಆರಿದಾಗ ಭಾವ ಯಾಕೆ ಸುಮ್ಮನೆ ನಿಂತಿದ್ದರು?