ಗಿರಣಿ ಮರುಳಸಿದ್ದಮ್ಮನಿಗೆ ಸನ್ಮಾನ

ದಾವಣಗೆರೆಯ ವಿನೋಬನಗರದಲ್ಲಿ ಮರುಳಸಿದ್ದಮ್ಮನ ಹಿಟ್ಟಿನ ಗಿರಣಿ ಎಲ್ಲಿ ಎಂದು ಯಾರನ್ನೂ ಕೇಳಬೇಕಿಲ್ಲ, ಸದ್ದು ಹಿಡಿದು ಹೋದರೆ ಸಾಕು. ಗಂಡ ತೀರಿಕೊಂಡ ಮೇಲೆ ಗಿರಣಿ ಅವಳ ಕೈಗೆ ಬಂತು. ಅದರ ಜೊತೆಗೇ ದೊಡ್ಡ ದನಿಯೂ ಬಂತು. ಕಲ್ಲು ತಿರುಗುವಾಗ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ? ಜೋಳದ ಡಬ್ಬಿ ಇಟ್ಟು ಸರದಿ ಕಾಯುವ ಹೆಂಗಸರು ಅತ್ತೆಯ ಕಾಟ, ಗಂಡನ ಕುಡಿತ ಎಲ್ಲವನ್ನೂ ಅಲ್ಲಿ ಕೂಗಿಯೇ ಹೇಳಿಕೊಳ್ಳುತ್ತಿದ್ದರು. ಮಗಳು ತನುಶ್ರೀಯ ವಿಷಯವನ್ನು ಮಾತ್ರ ಮರುಳಸಿದ್ದಮ್ಮ ಅಲ್ಲಿ ಎಂದೂ ಎತ್ತಿದವಳಲ್ಲ.

ತನುಶ್ರೀ ಊರಿನ ಇನ್ನೊಂದು ತುದಿಯಲ್ಲಿದ್ದ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಕ್ಲಾಸಿನ ಮಾಲೀಕ ಅವಳ ಮೇಲೆ ಅತ್ಯಾಚಾರ ಮಾಡಿದ. ತಾಯಿ ಮಗಳು ಅವನ ಹೆಸರು ಹೇಳುವುದಿಲ್ಲ, 'ಅವನು' ಅಷ್ಟೇ. ದೂರು ಕೊಟ್ಟರು, ಅವನು ಜೈಲಿಗೆ ಹೋದ. ಓಣಿಯವರಿಗೆ ಸುಳಿವು ಸಿಗುವ ಮೊದಲೇ ತನುಶ್ರೀಯನ್ನು ಹರಿಹರದ ಚಿಕ್ಕಮ್ಮನ ಮನೆಗೆ ಕಳಿಸಿದ್ದಾಯಿತು. ಅಲ್ಲಿ ಕೊಟ್ಟೂರೇಶ್ ಎಂಬುವರ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹರಿಹರದ ಜನಕ್ಕೆ ಅವಳು ಚೀಟಿ ನೋಡಿ ಮಾತ್ರೆ ಕೊಡುವ ಹುಡುಗಿ, ಅದಕ್ಕಿಂತ ಹೆಚ್ಚೇನೂ ಅಲ್ಲ. ಅವಳಿಗೂ ಬೇಕಾಗಿದ್ದದ್ದು ಅಷ್ಟೇ. ಆರು ತಿಂಗಳಲ್ಲಿ ಮತ್ತೆ ನಗುವುದನ್ನು ಕಲಿತಳು. ಫೋನಿನಲ್ಲಿ ಗಿರಾಕಿಗಳ ದನಿ ಮಾಡಿ ತಾಯಿಯನ್ನು ನಗಿಸುತ್ತಿದ್ದಳು.

ಒಂದು ಸಂಜೆ ಅದೇ ಕೌಂಟರಿನ ಮುಂದೆ ಅವನು ಬಂದು ನಿಂತ. ಜಾಮೀನಿನ ಮೇಲೆ ಹೊರಗೆ ಬಂದು ಎಷ್ಟೋ ದಿನವಾಗಿತ್ತು. ಅವನೂ ಅವಳನ್ನು ಅಲ್ಲಿ ನಿರೀಕ್ಷಿಸಿರಲಿಲ್ಲವೇನೋ, ತಲೆನೋವಿನ ಮಾತ್ರೆ ಕೇಳಿದ, ತೆಗೆದುಕೊಂಡು ಹೋದ. ತನುಶ್ರೀ ಚಿಲ್ಲರೆಯನ್ನೂ ಎಣಿಸಿ ಕೊಟ್ಟಳು. ಆಮೇಲೆ ಕೌಂಟರಿನ ಕೆಳಗೆ ಕೂತವಳು ಅಂಗಡಿ ಮುಚ್ಚುವವರೆಗೂ ಏಳಲಿಲ್ಲ.

ಮರುದಿನ ಮರುಳಸಿದ್ದಮ್ಮ ಠಾಣೆಗೆ ಹೋದಳು.

"ಬೇಲ್ ಆಗಿದ್ದು ನಿಮಗೆ ಗೊತ್ತಿಲ್ವೇನ್ರಿ?" ಎಂದು ಪೊಲೀಸಿನವನೇ ಆಶ್ಚರ್ಯಪಟ್ಟ. "ವಕೀಲ್ರು ಹೇಳ್ಬೇಕಿತ್ತು."

ವಕೀಲರು, "ಅದು ಪೊಲೀಸ್ರ ಕೆಲಸ ಕಣಮ್ಮ" ಎಂದರು.

ದಾವಣಗೆರೆಯಲ್ಲಿ ಮಹಿಳೆಯರ ಸಂಘ ನಡೆಸುತ್ತಿದ್ದ ರೇಖಾಳ ಪರಿಚಯವಾದದ್ದು ಆಗ. ಇಂಥ ಮನೆಗಳು ಜಿಲ್ಲೆಯಲ್ಲಿ ಇನ್ನೂ ಇವೆ ಎಂದು ಅವಳೇ ಹೇಳಿದಳು. "ಹೇಳ್ಬೇಕು ಅಂತ ಎಲ್ಲಾರೂ ಅಂತಾರೆ ಅಕ್ಕ. ಯಾರು ಹೇಳ್ಬೇಕು, ಹೇಳದಿದ್ರೆ ಅವರಿಗೇನು ಶಿಕ್ಷೆ, ಅದನ್ನ ನಮ್ಮ ರಾಜ್ಯ ಒಂದು ಕಾನೂನು ಮಾಡಿ ಬರೀಲಿ. ಬೆಳಗಾವಿ ಅಧಿವೇಶನದಾಗೆ ನಮ್ಮ ಶಾಸಕರು ಕೇಳಂಗೆ ಮಾಡಾಣ."

ಮರುಳಸಿದ್ದಮ್ಮ ಒಪ್ಪಿದಳು. ಆದರೆ ಎರಡು ಮಾತು ಕರಾರಾಗಿ ಹೇಳಿದಳು. ಒಂದು, ಮಗಳ ಸುದ್ದಿ ಎಲ್ಲೂ ಬರಕೂಡದು. ತಾನು 'ನಮ್ಮ ಕಡೆ ಒಂದು ಹುಡುಗಿ' ಎಂದಷ್ಟೇ ಮಾತಾಡುತ್ತೇನೆ ಎಂದಳು. ಇನ್ನೊಂದು, ಬೇಲ್ ವಿಷಯ ತಿಳಿಸಲು ಬರುವವರು ಖಾಕಿ ಹಾಕಿಕೊಂಡು ಜೀಪಿನಲ್ಲಿ ಮನೆ ಬಾಗಿಲಿಗೆ ಬರಬಾರದು, ಹುಡುಗಿ ಹೇಳಿದ ಕಡೆ ಹೇಳಬೇಕು ಎಂದು ಶಾಸಕರಿಗೆ ಕೊಡುವ ಮನವಿಯಲ್ಲಿ ಇರಬೇಕು. ರೇಖಾ ಎರಡನ್ನೂ ಬರೆದುಕೊಂಡಳು.

ಅಲ್ಲಿಂದ ಗಿರಣಿಯ ದೊಡ್ಡ ದನಿಗೆ ಬೇರೆ ಕೆಲಸ ಹತ್ತಿತು. ಮಧ್ಯಾಹ್ನ ಗಿರಣಿ ನಿಲ್ಲಿಸಿ ಒಮ್ಮೆ ಆನಗೋಡಿಗೆ, ಒಮ್ಮೆ ಕುಕ್ಕುವಾಡಕ್ಕೆ ಹೋಗಿ ಸ್ತ್ರೀಶಕ್ತಿ ಸಂಘಗಳ ಹೆಂಗಸರನ್ನು ಕೂಡಿಸಿ ಮಾತಾಡಿದಳು. ಮನವಿಗೆ ಮೊದಲ ಸಹಿ ಹಾಕಿದವಳು ಪಕ್ಕದ ಮನೆಯ ಮಂಡಕ್ಕಿ ಮಾರುವ ಹಜೀರಾಬೀ.

"ಏನೇ ಸಿದ್ದಕ್ಕ, ಎಲೆಕ್ಷನ್ನಿಗೆ ನಿಲ್ತೀಯೇನು? ನಿಂತ್ರೆ ಹೇಳು, ಮಂಡಕ್ಕಿ ಹಂಚಾಕೆ ನಾ ಅದೀನಿ."

"ನಿನ್ನ ಮಂಡಕ್ಕಿ ತಿಂದ್ರೆ ಬರೋ ವೋಟೂ ಬರಲ್ಲ, ಸುಮ್ನೆ ಸಹಿ ಹಾಕು."

ಹಜೀರಾಬೀ ನಕ್ಕು ಸಹಿ ಹಾಕಿದಳು. ಯಾವ ಹುಡುಗಿ ಎಂದು ಕೇಳಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಮರುಳಸಿದ್ದಮ್ಮನೂ ಕೇಳಲಿಲ್ಲ.

ಮನವಿಯನ್ನು ಚೆಂದ ಮಾಡಿ ಬರೆದುಕೊಟ್ಟವರು ಮೈಲಾರಲಿಂಗಪ್ಪ ಮೇಷ್ಟ್ರು. ನಿವೃತ್ತರಾದ ಮೇಲೆ ಊರಿನ ಯಾವ ಕಾರ್ಯಕ್ರಮವಿದ್ದರೂ ಮೈಕು ಅವರದೇ. ಕೆಟ್ಟ ಮನುಷ್ಯರಲ್ಲ. ರೇಖಾ ನಂಬಿ ಅವರಿಗೆ ಎಲ್ಲವನ್ನೂ ಹೇಳಿದ್ದಳು. ಕೇಳಿ ಅವರು ಕಣ್ಣೀರನ್ನೂ ಹಾಕಿದ್ದರು.

ಮನವಿ ಕೊಡುವ ದಿನ ಸಮುದಾಯ ಭವನ ತುಂಬಿತ್ತು. ನಮ್ಮ ಕಡೆ ಬರಿಗೈಲಿ ಮನವಿ ಕೊಡುವ ಪದ್ಧತಿಯಿಲ್ಲ. ಮೊದಲು ಶಾಸಕರಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಆಮೇಲೆ ವೇದಿಕೆ ಮೇಲಿರುವ ಎಲ್ಲರಿಗೂ ಒಂದೊಂದು ಶಾಲು, ಕೊನೆಗೆ ಕಾಗದ. ಎಲ್ಲ ಮುಗಿದ ಮೇಲೂ ಒಂದು ಶಾಲು ಮಿಕ್ಕಿತ್ತು. ಮೇಷ್ಟ್ರು ಮೈಕಿನಲ್ಲಿ ಮರುಳಸಿದ್ದಮ್ಮನ ಹೆಸರು ಕೂಗಿದರು.

ಊರೂರು ತಿರುಗಿದ್ದಕ್ಕೆ ಇರಬೇಕು ಅಂದುಕೊಂಡು ಅವಳು ಎದ್ದಳು. ಖುಷಿಯೂ ಆಯಿತು. ಮದುವೆಯ ದಿನ ಬಿಟ್ಟರೆ ಯಾರೂ ಅವಳಿಗೆ ಒಂದು ಹೂವಿನ ಹಾರ ಹಾಕಿದವರಲ್ಲ. ಸೆರಗು ಸರಿ ಮಾಡಿಕೊಂಡು ವೇದಿಕೆ ಹತ್ತಿದಳು. ಶಾಸಕರು ಶಾಲು ಬಿಡಿಸಿ ಹೊದಿಸುತ್ತಿದ್ದಾಗ ಮೇಷ್ಟ್ರ ದನಿ ಭಾರವಾಯಿತು.

"ಸ್ವಂತ ಮಗಳಿಗಾದ ಅನ್ಯಾಯವನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು, ನಾಡಿನ ಹೆಣ್ಣುಮಕ್ಕಳಿಗಾಗಿ ಹೋರಾಡುತ್ತಿರುವ ಈ ಮಹಾತಾಯಿಗೆ ಒಂದು ಜೋರಾದ ಚಪ್ಪಾಳೆ!"

ಚಪ್ಪಾಳೆ ನಿಲ್ಲಲೇ ಇಲ್ಲ. ಎಷ್ಟೋ ಮೊಬೈಲುಗಳು ಮೇಲೆದ್ದವು. ರೇಖಾ ಕೆಳಗಿನಿಂದ ಎರಡೂ ಕೈ ಆಡಿಸಿ ಬ್ಯಾಡ, ಬ್ಯಾಡ ಅನ್ನುತ್ತಿದ್ದಳು. ಶಾಸಕರು ಹೊದಿಸಿದ ಶಾಲನ್ನು ಕಿತ್ತೆಸೆದು ಇಳಿದುಬರುವುದು ಹೇಗೆಂದು ಮರುಳಸಿದ್ದಮ್ಮನಿಗೆ ಗೊತ್ತಿರಲಿಲ್ಲ. ಅಷ್ಟು ದೊಡ್ಡ ದನಿಯವಳು, ಫೋಟೊ ಮುಗಿಯುವವರೆಗೂ ತುಟಿ ಬಿಚ್ಚದೆ ನಿಂತಳು.

ಆಮೇಲೆ ರೇಖಾ ಮೇಷ್ಟ್ರನ್ನು ಬಾಯಿಗೆ ಬಂದಂತೆ ಬೈದಳು.

"ಹುಡುಗಿ ಹೆಸರು ಹೇಳಿಲ್ಲವಲ್ಲಮ್ಮ ನಾನು! ತಾಯಿ ಹೆಸರು ಅಷ್ಟೇ ಹೇಳಿದ್ದು" ಎಂದರು ಮೇಷ್ಟ್ರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮರುಳಸಿದ್ದಮ್ಮನಿಗೆ ಇರುವುದು ಒಬ್ಬಳೇ ಮಗಳು.

ಫೋಟೊ ಹರಿಹರಕ್ಕೆ ಬಸ್ಸಿಗಿಂತ ಮೊದಲೇ ತಲುಪಿತು. ಮೂರನೆಯ ದಿನ ಕೊಟ್ಟೂರೇಶ್ ತನುಶ್ರೀಯನ್ನು ಕರೆದು, "ನಿಮ್ಮ ತಾಯಿ ದೊಡ್ಡ ಕೆಲಸ ಮಾಡ್ಯಾರಮ್ಮ" ಎಂದು ಹೊಗಳಿ, "ಆದ್ರೆ ನೀನು ಕೌಂಟರ್‌ನಾಗೆ ಬ್ಯಾಡ. ಒಳಗೆ ಸ್ಟಾಕ್ ನೋಡ್ಕೊ. ಜನ ಸುಮ್ನೆ ನೋಡಾಕೆ ಬರ್ತಾ ಅದಾರೆ" ಎಂದರು. ಕಿಟಕಿ ಕೂಡ ಇಲ್ಲದ ಕೋಣೆ ಅದು. ಚಿಕ್ಕಮ್ಮನ ಅತ್ತೆ ಅವಳ ತಟ್ಟೆ ಬೇರೆ ಇಟ್ಟಳು. ವಾರ ಕಳೆಯುವುದರಲ್ಲಿ ತನುಶ್ರೀ ಬಟ್ಟೆ ಕಟ್ಟಿಕೊಂಡು ದಾವಣಗೆರೆಗೆ ಬಂದಳು.

"ಊರಿಗೆಲ್ಲ ನ್ಯಾಯ ಕೇಳಿದಿ" ಎಂದಳು ತಾಯಿಗೆ. "ಹೋಗು, ನಿನ್ನ ಶಾಲು ಮಡಚಿ ಇಟ್ಕೊ."

ಗಿರಣಿಯ ಬಾಯಿಗೆ ಕಟ್ಟುವ, ಹಿಟ್ಟು ಹಾರದಂತೆ ತಡೆಯುವ ಬಟ್ಟೆ ಹರಿದಿತ್ತು. ಮರುಳಸಿದ್ದಮ್ಮ ಶಾಲು ಕತ್ತರಿಸಿ ಹೊಲಿದು ಅಲ್ಲಿಗೆ ಕಟ್ಟಿದಳು. ಜರಿಯ ಅಂಚಿನ ಮೇಲೆ ದಿನವೂ ಹಿಟ್ಟು ಕೂರತೊಡಗಿತು.

ಅಧಿವೇಶನದಲ್ಲಿ ಶಾಸಕರು ಪ್ರಶ್ನೆ ಕೇಳಿಯೇಬಿಟ್ಟರು. ಕಾನೂನಿನ ವಿಚಾರ ಪರಿಶೀಲನೆಯಲ್ಲಿದೆ ಎಂದು ಸರ್ಕಾರದ ಉತ್ತರ ಬಂತು. ಅಷ್ಟಕ್ಕೇ ಬಿಡದೆ ಶಾಸಕರು ಠಾಣೆಗೆ ಫೋನ್ ಮಾಡಿ, ಆ ಗಿರಣಿ ಹೆಣ್ಣುಮಗಳ ಕೇಸಿನಲ್ಲಿ ಏನೇ ಆದರೂ ತಕ್ಷಣ ತಿಳಿಸಬೇಕು ಎಂದು ತಾಕೀತು ಮಾಡಿದರಂತೆ.

ಹಾಗಾಗಿ ಒಂದು ಬೆಳಿಗ್ಗೆ, ಸರದಿ ಬಾಗಿಲು ದಾಟಿ ನಿಂತಿದ್ದ ಹೊತ್ತಿನಲ್ಲಿ, ಗಿರಣಿಯ ಮುಂದೆ ಜೀಪು ನಿಂತಿತು. ಖಾಕಿ ತೊಟ್ಟ ಪೇದೆ ಇಳಿದ. ಮರುಳಸಿದ್ದಮ್ಮನ ಕರಾರು ಮನವಿಯಲ್ಲಿ ಇರಲೇ ಇಲ್ಲ ಎಂದು ರೇಖಾಳಿಂದ ಅವಳಿಗೆ ತಿಳಿದದ್ದು ಆಮೇಲೆ. ಖಾಕಿ, ಜೀಪು ಎಲ್ಲ ಚಿಲ್ಲರೆ ವಿಷಯ, ಶಾಸಕರ ಮುಂದೆ ಶೋಭಿಸುವುದಿಲ್ಲ ಎಂದು ಮೇಷ್ಟ್ರು ಆ ಸಾಲು ಬಿಟ್ಟಿದ್ದರು.

"ತನುಶ್ರೀ ಅಂದ್ರೆ ಯಾರಮ್ಮ?" ಎಂದು ಪೇದೆ ಗಿರಣಿಯ ಸದ್ದಿಗಿಂತ ಜೋರಾಗಿ ಕೂಗಿದ. "ನಿಮ್ಮ ರೇಪ್ ಕೇಸಿನ ಆರೋಪಿಗೆ ಜಿಲ್ಲೆ ಬಿಟ್ಟು ಹೋಗಾಕೆ ಪರ್ಮಿಷನ್ ಆಗೈತೆ! ತಿಳಿಸಿದ್ದಕ್ಕೆ ಒಂದು ಸಹಿ ಬೇಕು!"

ಡಬ್ಬಿ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅರೇ, ಹೊರಗೆ ಬರ್ರಿ, ಹೊರಗೆ" ಎಂದು ಹಜೀರಾಬೀ ಅವನ ತೋಳು ಹಿಡಿದು ಎಳೆಯಹೋದಳು.

ತಕ್ಕಡಿಯ ಹತ್ತಿರ ಕೂತಿದ್ದ ತನುಶ್ರೀ ಎದ್ದು ಹೋಗಿ ಗಿರಣಿಯ ಸ್ವಿಚ್ ಆರಿಸಿದಳು. ಕಲ್ಲು ನಿಧಾನವಾಗಿ ತಿರುಗಿ ನಿಂತಿತು. ಆ ಓಣಿಯಲ್ಲಿ ಬೆಳಗಿನ ಹೊತ್ತು ಅಷ್ಟು ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ.

"ಈಗ ಹೇಳ್ರಿ," ಎಂದಳು. "ಹಿಂದೆ ನಿಂತೋರಿಗೆ ಸರಿಯಾಗಿ ಕೇಳ್ಲಿಲ್ಲ."

ಪೇದೆ ಕಾಗದವನ್ನು ಮುಂದೆ ಹಿಡಿದ. ತನುಶ್ರೀ ಕೈಯ ಹಿಟ್ಟನ್ನು ಚೂಡಿದಾರಕ್ಕೆ ಒರೆಸಿಕೊಂಡು ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಮರುಳಸಿದ್ದಮ್ಮ ಏನೋ ಹೇಳಲು ಬಾಯಿ ತೆರೆದಳು. ಮಗಳು ಅವಳ ಕಡೆ ತಿರುಗಲಿಲ್ಲ. ಸ್ವಿಚ್ ಹಾಕಿ, ಬಾಗಿಲಿನ ಕಡೆ ನೋಡಿ, ಕೂಗಿ ಕೇಳಿದಳು:

"ಮುಂದಿನ ಡಬ್ಬಿ ಯಾರ್ದ್ರಿ?"