ಅಡಿಗಲ್ಲಿನ ಅಡಿಯ ಅಕ್ಷರ

ಹಳೆಯ ವಸ್ತುವಿನ ಮೇಲೆ ಅಕ್ಷರ ಇರಬಹುದೆಂದು ಅನಿಸಿದರೆ ಸಾಕು, ನನ್ನ ಕೈ ಸುಮ್ಮನಿರುವುದಿಲ್ಲ. ಮೊದಲು ಉಗುರಿನಿಂದ ಕೆರೆದು, ಆಮೇಲೆ ಮನೆಯವರ ಅಪ್ಪಣೆ ಕೇಳುವವನು ನಾನು. ಧಾರವಾಡದಲ್ಲಿ ಶಾಸನ ಓದುವುದನ್ನು ಕಲಿಸುವ ನಾಲ್ಕು ದಿನದ ತರಬೇತಿಗೆ ಹೋಗಿಬಂದದ್ದೇ ಈ ಚಟಕ್ಕೆ ಮೂಲ. ನಾಲ್ಕು ದಿನದಲ್ಲಿ ಶಾಸನ ಓದಲು ಬರುವುದಿಲ್ಲ. ಬರುತ್ತದೆಂಬ ಭ್ರಮೆ ಮಾತ್ರ ಗಟ್ಟಿಯಾಗಿ ಬರುತ್ತದೆ. ನನ್ನ ಮೊದಲ ಶೋಧ ಗೌಡರ ಹಿತ್ತಲಿನ ಕಲ್ಲು. ವಾರವಿಡೀ ಅದನ್ನು ತೊಳೆದು, ಅದರ ಮೇಲಿದ್ದದ್ದು ಲಿಪಿಯಲ್ಲ, ಗೌಡರ ತಾಯಿ ಮೂವತ್ತು ವರ್ಷ ಕುಡುಗೋಲು ಮಸೆದ ಗೀರು ಎಂದು ಪತ್ತೆ ಮಾಡಿದೆ.

ಆಗ, ಎಪ್ಪತ್ತರ ದಶಕದಲ್ಲಿ, ನಾನು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಕನ್ನಡ ಮಾಸ್ತರನಾಗಿದ್ದೆ. ಶಾಲೆಯ ಬಾಜುವಿಗೇ ಕಾಳಪ್ಪ, ಮೌನಪ್ಪ ಎಂಬ ಅಣ್ಣತಮ್ಮಂದಿರ ಕಮ್ಮಾರಸಾಲೆ. ಅಣ್ಣ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುವನು. ತಮ್ಮ ಅದೇ ಜಾಗಕ್ಕೆ ದೊಡ್ಡ ಸುತ್ತಿಗೆ ಬೀಸುವನು. ನಮ್ಮ ಹುಡುಗರಿಗೆ ಛಂದಸ್ಸಿನ ಲಘು ಗುರು ಹತ್ತಿದ್ದು ನನ್ನ ಪಾಠದಿಂದಲ್ಲ, ಆ ಸಪ್ಪಳದಿಂದ ಎಂಬುದನ್ನು ಇನ್‌ಸ್ಪೆಕ್ಟರರ ಮುಂದೆ ನಾನು ಹೇಳಿರಲಿಲ್ಲ.

ಸುತ್ತಿಗೆಗಳ ಕೆಳಗೆ ಏಟು ತಿನ್ನುತ್ತಿದ್ದ ಆ ಕಬ್ಬಿಣದ ದಿಮ್ಮಿ, ಅಂದರೆ ಅಡಿಗಲ್ಲು, ಎಲ್ಲಿಂದ ಬಂತೆಂಬುದರಲ್ಲಿ ಅಣ್ಣತಮ್ಮಂದಿರಿಗೆ ಒಮ್ಮತವಿರಲಿಲ್ಲ. ಮುತ್ತಜ್ಜನೇ ಕೈಯಾರೆ ಮಾಡಿದ್ದು ಎಂದು ಕಾಳಪ್ಪ; ರೈಲು ಹಾದಿ ಹಾಕಲು ಬಂದವರು ಹೋಗುವಾಗ ಮಾರಿದ್ದು ಎಂದು ಮೌನಪ್ಪ. ಮುತ್ತಜ್ಜ ಇದನ್ನು ಯಾವ ಅಡಿಗಲ್ಲಿನ ಮೇಲಿಟ್ಟು ಬಡಿದ ಎಂದು ನಾನೊಮ್ಮೆ ಕೇಳಿಬಿಟ್ಟೆ. ಅಂದಿನಿಂದ, ರಿಪೇರಿಗೆಂದು ಕೊಟ್ಟಿದ್ದ ನನ್ನ ಛತ್ರಿಯ ಮುರಿದ ಕಡ್ಡಿ ಕಾಳಪ್ಪನ ಸಾಲೆಯ ಮೂಲೆಯಲ್ಲೇ ಉಳಿಯಿತು.

ನನ್ನ ಕುತೂಹಲಕ್ಕೆ ಒಂದು ದೊಡ್ಡ ನೆಪವೂ ಇತ್ತೆನ್ನಿ. ನಮ್ಮ ಶಾಸನಗಳಲ್ಲಿ ಭೂಮಿ ಕೊಟ್ಟ ಅರಸನ ಹೆಸರಿದೆ, ಬೇಡಿ ಪಡೆದವನ ಹೆಸರಿದೆ, ಒಮ್ಮೊಮ್ಮೆ ಕಲ್ಲು ಕಡೆದವನ ಹೆಸರೂ ಇದೆ. ಆ ಉಳಿಗೆ ಹದ ಹಾಕಿಕೊಟ್ಟ ಕಮ್ಮಾರನ ಹೆಸರು ನಾನಂತೂ ಕಂಡಿಲ್ಲ. ಒಬ್ಬ ಕಮ್ಮಾರನ ಹೆಸರನ್ನಾದರೂ ಬೆಳಕಿಗೆ ತರುವ ಪುಣ್ಯ ನನಗೇ ಯಾಕೆ ಬರಬಾರದು? ಅಡಿಗಲ್ಲನ್ನು ಹೂತಿದ್ದ ಮರದ ಕೊರಡಿನ ಅಂಚಿನಲ್ಲಿ ಬೆರಳಾಡಿಸಿದರೆ ಅರ್ಧ ಅಕ್ಷರ ತಾಗುತ್ತಿತ್ತು. ಉಳಿದರ್ಧ ಕೊರಡಿನ ಒಳಗೆ.

ಒಂದು ಅಮಾವಾಸ್ಯೆ ಕಾಳಪ್ಪ ದೇವರಿಗೆಂದು ಪರವೂರಿಗೆ ಹೋಗಿದ್ದ. ಕುಲುಮೆಗೆ ಅಂದು ರಜೆ. ತನ್ನ ಮಾತೇ ಖರೆಯೆಂದು ತೋರಿಸುವ ಹುರುಪಿನಲ್ಲಿ ಮೌನಪ್ಪ ಅಡಿಗಲ್ಲನ್ನು ಕಿತ್ತು ಅಂಗಳಕ್ಕೆ ತಂದಿಟ್ಟ. ತುಕ್ಕಿನಲ್ಲಿ ಬರಿಗಣ್ಣಿಗೆ ಏನೂ ಕಾಣಲಿಲ್ಲ. ನಾನು ಕಾಗದ ಹಚ್ಚಿ, ಇದ್ದಲು ತಿಕ್ಕಿ, ಪಡಿಯಚ್ಚು ತೆಗೆದುಕೊಂಡು ಮನೆಗೆ ಓಡಿದೆ.

ಕಮ್ಮಾರರ ಮನೆಯಲ್ಲಿ ಅಡಿಗಲ್ಲು ಕೊರಡಿನಿಂದ ಮೇಲೇಳುವುದು ಮನೆ ಒಡೆದ ದಿನ ಮಾತ್ರ ಎಂಬುದು ಆ ಊರಿನ ಕೂಸಿಗೂ ಗೊತ್ತಿತ್ತಂತೆ. ಕಲಘಟಗಿ ಕಡೆಯವನಾದ ನನಗೆ ಗೊತ್ತಿರಲಿಲ್ಲ. ಮೌನಪ್ಪನಿಗೆ ಹುರುಪಿನಲ್ಲಿ ನೆನಪಾಗಲಿಲ್ಲ. ನೀರಿಗೆ ಹೊರಟ ಹೆಂಗಸರು ನೋಡಿದರು, ಊರೆಲ್ಲ ಸುದ್ದಿಯಾಯಿತು. ಸಂಜೆ ಕಾಳಪ್ಪ ಬಸ್ಸಿಳಿಯುವಷ್ಟರಲ್ಲಿ ನಾಲ್ಕು ಜನ ಅವನಿಗೆ ಸಮಾಧಾನ ಹೇಳಿಯೂ ಆಗಿತ್ತು. ತಾನಿಲ್ಲದ ಹೊತ್ತಿನಲ್ಲಿ ತಮ್ಮ ಬೇರೆಯಾದನೆಂದು ಅವನು ನಂಬಿದ. ಅಣ್ಣ ಹಾಗೆ ನಂಬಿದನಲ್ಲ ಎಂದು ತಮ್ಮನಿಗೆ ಸಿಟ್ಟು. ಒಂದು ವೇಳೆ ಬೇರೆಯಾದರೆ ತಾಮ್ರದ ಹಂಡೆ ಯಾರಿಗೆ ಎಂದು ಅವರ ಹೆಂಡಂದಿರು ಸುಮ್ಮನೆ ಮಾತಿಗೆ ತೆಗೆದರು. ಮಾತು ಮುಗಿಯುವಷ್ಟರಲ್ಲಿ ಒಲೆ ಎರಡಾಗಿದ್ದವು.

ನಾಲ್ಕನೆಯ ದಿನ ಕುಂದಗೋಳದಿಂದ ಅವರ ಸೋದರಮಾವ ಪಂಚಾಯತಿಗೆ ಬಂದ. ಮಾಸ್ತರರ ಅಕ್ಷರ ದುಂಡಗಿವೆಯೆಂದು ಆಸ್ತಿ ಪಾಲಿನ ವಾಟ್ನಿಪತ್ರ ಬರೆಯಲು ನನ್ನನ್ನೇ ಕರೆಸಿದರು. ನಾನೇ ಒಡೆದ ಮನೆಗೆ ನಾನೇ ಪತ್ರ ಬರೆಯುವ ಯೋಗ. ನಿಜಕ್ಕೂ ನಾಚಿಕೆಯಾಯಿತು. ಇಕ್ಕಳ, ಸುತ್ತಿಗೆ ಎಲ್ಲ ಎರಡು ಪಾಲಾದವು. ಅಡಿಗಲ್ಲು ಒಂದೇ.

"ಮುತ್ತಜ್ಜ ಮಾಡಿದ್ದಾದ್ರ ಹಿರೇಮಗಗ ಸೇರತೈತಿ. ಕೊಂಡದ್ದಾದ್ರ ಮಾರಿ ಹಂಚಿಕೋಬೇಕು," ಎಂದ ಮಾವ. "ಮಾಸ್ತರ್ರ, ಅದನ್ನ ಯಾರು ಮಾಡ್ಯಾರ, ನೀವು ಓದಿ ಹೇಳ್ರಿ."

ಪಡಿಯಚ್ಚು ನನ್ನ ಕಿಸೆಯಲ್ಲೇ ಇತ್ತು. ಅದರಲ್ಲಿದ್ದದ್ದು ಮುತ್ತಜ್ಜನ ಹೆಸರಲ್ಲ. ಇಂಗ್ಲಿಷ್ ಅಕ್ಷರ, ಯಾವುದೋ ವಿಲಾಯತಿ ಕಾರಖಾನೆಯ ಗುರುತು. ಹೇಳಿದರೆ ಅಡಿಗಲ್ಲು ಸಂತೆಗೆ. ಕಾಳಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಗೌಡರು ಕುಂಟೆಯ ಮೊಂಡಾದ ಅಲಗನ್ನು, ಅಂದರೆ ಕುಡವನ್ನು, ಹಿಡಿದು, ಹೊಲದ ಹಸಿ ಆರುತ್ತದೆಂದು ಬಾಗಿಲಲ್ಲಿ ಚಡಪಡಿಸುತ್ತಿದ್ದರು. ಆ ಕುಡ ನೋಡಿ ನನಗೊಂದು ಸುಳ್ಳು ಹೊಳೆಯಿತು.

"ಬರೇ ಅಕ್ಷರ ನೋಡಿ ಹೇಳಾಕ ಬರೂದಿಲ್ರಿ. ಸಪ್ಪಳಾನೂ ಕೇಳಬೇಕಾಗ್ತೈತಿ. ಕೊರಡಿಗೆ ಕೂಡ್ರಿಸಿ, ಇಬ್ಬರೂ ಕೂಡಿ ಬಡೀರಿ," ಎಂದೆ.

ಇಂಥ ಪದ್ಧತಿ ಯಾವ ತರಬೇತಿಯಲ್ಲೂ ಇಲ್ಲ. ಆದರೆ ಧಾರವಾಡಕ್ಕೆ ಹೋಗಿ ಕಲಿತವನ ಮಾತನ್ನು ಯಾರೂ ತೆಗೆದುಹಾಕಲಿಲ್ಲ. ಅಡಿಗಲ್ಲು ಕೊರಡಿನಲ್ಲಿ ಕೂತಿತು, ಗೌಡರ ಕುಡ ಬೆಂಕಿಗೆ ಹೋಯಿತು. ಅಣ್ಣ ತೋರಿಸಿದ ಜಾಗ ಬಿಟ್ಟು ತಮ್ಮನ ಮೊದಲ ಏಟು ಅತ್ತ ಬಿತ್ತು.

"ಕಣ್ಣ ಎಲ್ಲಿ ಅದಾವಲೇ ನಿನ್ನವು?" ನಾಲ್ಕು ದಿನದ ಮೇಲೆ ಕಾಳಪ್ಪ ತಮ್ಮನಿಗೆ ಆಡಿದ ಮೊದಲ ಮಾತು ಅದು.

"ನೀ ನೆಟ್ಟಗ ಹಿಡಿಯಣ್ಣ," ಎಂದ ಮೌನಪ್ಪ.

ಎರಡನೆಯ ಏಟು ಜಾಗಕ್ಕೆ ಬಿತ್ತು. ಗೌಡರದು ಮುಗಿಯುವಷ್ಟರಲ್ಲಿ ಇನ್ನೂ ಆರು ಜನ ಕುಡ ಹಿಡಿದು ಸಾಲು ನಿಂತಿದ್ದರು. ತಿದಿ ಒತ್ತಲು ಸೋದರಮಾವನನ್ನೇ ಕೂಡ್ರಿಸಲಾಯಿತು. ಅವನು ನಡುನಡುವೆ "ಏನಾತ್ರಿ ಮಾಸ್ತರ್ರ?" ಎನ್ನುವನು, ನಾನು ಇನ್ನೊಂದಿಷ್ಟು ಕೇಳಬೇಕೆನ್ನುವೆ. ಸಂಜೆ ಬೇಸತ್ತು ಅವನು ಬಸ್ಸು ಹತ್ತಿದ. ಒಲೆಯೂ ಒಂದಾಯಿತು.

ವಾರದ ಮೇಲೆ ಕಾಳಪ್ಪ ನನ್ನನ್ನು ಕರೆದು, ಛತ್ರಿಯ ಕಡ್ಡಿ ಕೂಡಿಸಿಕೊಟ್ಟ. ಆಮೇಲೆ ಮೆಲ್ಲಗೆ, "ಅವು ಇಂಗ್ಲಿಷ್ ಅಕ್ಷರ ಅಲ್ರಿ?" ಎಂದು ಕೇಳಿದ.

ನಾನು ತಬ್ಬಿಬ್ಬಾದೆ. "ನಿನಗ ಗೊತ್ತಿತ್ತೇನು?"

"ನಮ್ಮಪ್ಪ ಸಾಯೂ ಮುಂದ ಹೇಳಿದ್ದರಿ. ಅಪ್ಪಗ ನಮ್ಮಜ್ಜ ಹೇಳಿದ್ನಂತ. ಮುತ್ತಜ್ಜ ಬೇಕಂತನ ಅಕ್ಷರ ಕೆಳಗ ಮಾಡಿ ಹುಗದಾನ್ರಿ. ಅವತ್ತ ನೀವು ಓದಿಬಿಡ್ತೀರಂತ ಅಗದಿ ಅಂಜಿದ್ದೆ."

ಅಂದರೆ ಮೂರು ತಲೆಮಾರು ಕಾಯ್ದುಕೊಂಡು ಬಂದ ಗುಟ್ಟನ್ನು ನಾನು ಇದ್ದಲು ತಿಕ್ಕಿ ಬಯಲು ಮಾಡಲು ಹೊರಟಿದ್ದೆ. ಕಿಸೆಯಿಂದ ಪಡಿಯಚ್ಚು ತೆಗೆದು ಅವನ ಕೈಗಿತ್ತೆ. ಕಾಳಪ್ಪ ಅದನ್ನು ನೀಟಾಗಿ ಮಡಚಿ ಕುಲುಮೆಯೊಳಗೆ ಇಟ್ಟು ತಿದಿ ಒತ್ತಿದ. ನನ್ನ ಜೀವಮಾನದ ಏಕೈಕ ನಿಜವಾದ ಶೋಧ ಭಗ್ಗೆಂದು ಉರಿಯಿತು. ಅಷ್ಟು ಉರಿ ಒಂದು ಕುಡುಗೋಲು ಕಾಯಿಸಲಿಕ್ಕೂ ಸಾಲಲಿಲ್ಲ.